ಮೆಹರಿನ ಮನೆ

ದಾಂಡೇಲಿ
೧೪ ಡಿಸೆಂಬರ್ ೨೦೨೫

ಮುದ್ದಿನ ಮಗಳು ಮಹೆಜಬೀನಳಿಗೆ ಅಬ್ಬಾನ ಸಲಾಮು, ದುವಾ.

ಮನೆಯ ಸುದ್ದಿ ಕೇಳಿ ನೀನು ಫೋನು ಮಾಡಿದಾಗಲೆಲ್ಲ ಮಾತು ಮರೆಸಿದೆ, ಕ್ಷಮಿಸು. ಇದನ್ನು ಹೇಳುತ್ತ ನಿನ್ನ ದನಿ ಕೇಳುವ ಧೈರ್ಯ ನನಗಿಲ್ಲ. ಮುಂಡಗೋಡದಲ್ಲಿ ಎಲ್ಲರೂ ಆರಾಮ ಇರಬೇಕು. ನನ್ನ ಮೊಣಕಾಲು ಮೊದಲಿನ ಹಾಗೆಯೇ ಇದೆ, ಗ್ಯಾರೇಜು ನಡೆದಿದೆ.

ನಮ್ಮ ಮನೆ ಹೋಗುತ್ತಿದೆ, ಮಗಳೇ. ಜಾಗದ ಮಾಲೀಕರ ನೋಟೀಸು ಬಂತು. ಕಾಗದಪತ್ರ ಹಿಡಿದು ಹಳಿಯಾಳದ ವಕೀಲ ಈಶಪ್ಪನವರ ಹತ್ತಿರ ಹೋದೆ. ಅವರು ಎರಡೆರಡು ಸಲ ಓದಿ ಚಹಾ ತರಿಸಿದರು. ಚಹಾ ತರಿಸಿದಾಗಲೇ ಕೆಟ್ಟ ಸುದ್ದಿ ಎಂದು ತಿಳಿಯಿತು.

“ಗ್ವಾಡಿ ನಿಮ್ದು, ನೆಲ ನಿಮ್ದಲ್ರಿ ಜಮಾಲಸಾಬ. ಸ್ವಂತದ್ದಾಗಿದ್ರ ಮಕ್ಕಳು ಮೊಮ್ಮಕ್ಕಳಿಗೂ ಬರ್ತಿತ್ತು. ಇದು ಐವತ್ತು ವರ್ಷದ ಲೀಸು. ದಿನ ತುಂಬಿತು, ಮಾಲಕರಿಗೆ ಹೊಳ್ಳಿ ಹೋಗ್ತೈತಿ.”

ನನಗೆ ಮನೆ ಮಾರಿದ ಆ ಮಿಲ್ಲಿನ ಮುದುಕ ತನ್ನ ಹತ್ತಿರ ಇದ್ದದ್ದನ್ನೇ ಮಾರಿದ್ದ, ಉಳಿದ ವರ್ಷಗಳನ್ನು. ಕಾಗದದಲ್ಲಿ ಹಾಗೆಯೇ ಬರೆದಿದೆ. ನಾನು ಸ್ಟಾಂಪು ನೋಡಿದೆ, ಓದಲಿಲ್ಲ. ಮನೆಪಟ್ಟಿಯ ಜೊತೆ ವರ್ಷವರ್ಷ ಕಟ್ಟುತ್ತಿದ್ದ ನೆಲಬಾಡಿಗೆಯನ್ನು ಅದೂ ಒಂದು ತೆರಿಗೆಪಟ್ಟಿ ಎಂದುಕೊಂಡೆ. ಎಂಜಿನ್ನಿನ ಸದ್ದು ಕೇಳಿ ರೋಗ ಹೇಳುವವನಿಗೆ ತನ್ನ ಮನೆಯ ಕಾಗದ ತಿಳಿಯಲಿಲ್ಲ.

ಮನೆ ಹೋದರೆ ಹೋಗಲಿ, ನನ್ನ ಸಂಕಟ ಬೇರೆ. ನಿಕಾಹದಲ್ಲಿ ನಿನ್ನ ಅಮ್ಮಿಗೆ ಮೆಹರು ಎಂದು ಬರೆದುಕೊಟ್ಟದ್ದು ಇದೇ ಮನೆ, ನೆಲದ ಸಮೇತ. ಉಳಿದವರೆಲ್ಲ ನಾಲ್ಕು ಗುಂಜಿ ಬಂಗಾರ ಬರೆಸುವಾಗ ನಾನು ಮನೆ ಬರೆಸಿ ಮೀಸೆ ತಿರುವಿದ್ದೆ. ಜಗಳವಾದಾಗಲೆಲ್ಲ ಅವಳು ನಗುತ್ತ, “ಮನಿ ನಂದು, ನೀವು ಬಾಡಿಗಿಗಿ ಇದ್ದೀರಿ” ಎನ್ನುತ್ತಿದ್ದಳು. ಈಗ ನೋಡಿದರೆ ಇಬ್ಬರೂ ಬಾಡಿಗೆಗೇ ಇದ್ದೆವು.

ಹೆಂಡತಿಗೆ ಕೊಡಲೇಬೇಕಾದ ಮೆಹರನ್ನು ಕೊಡದೆ ಉಳಿಸಿಕೊಂಡ ಗಂಡನಾಗಿಬಿಟ್ಟೆ. ಅವಳು ತೀರಿಕೊಂಡು ಮೂರು ವರ್ಷವಾಯಿತು, ಇನ್ನು ಯಾರ ಮುಂದೆ ನಿಂತು ಮಾಫಿ ಕೇಳಲಿ? ಅವಳದ್ದು ಈಗ ನಿನಗೆ ಸೇರಬೇಕು. ಗ್ಯಾರೇಜಿನ ಸಾಮಾನು ಮಾರಿ ಆದಷ್ಟು ಕೊಡುತ್ತೇನೆ. ಬೇಡ ಎನ್ನಬೇಡ.

ಅಲ್ಲಾಹ ನಿನ್ನ ಮನೆಯನ್ನು ತಂಪಾಗಿ ಇಡಲಿ. ಮಕ್ಕಳ ತಲೆಯ ಮೇಲೆ ಈ ಅಜ್ಜನ ಕೈ ಇದೆ ಎಂದುಕೋ.

ನಿನ್ನ ಅಬ್ಬಾ,
ಜಮಾಲಸಾಬ

ತಾ.ಕ.: ನೀನು ಚಿಕ್ಕವಳಿದ್ದಾಗ ಹಳಿಯಾಳದ ನಿನ್ನ ಮಾಮಂದಿರು ತವರಿನ ಹೊಲದಲ್ಲಿ ಅಮ್ಮಿಯ ಪಾಲು ಬಿಟ್ಟುಕೊಡಲು ಕೇಳಿದ್ದರು. ಅದು ಅವಳ ಅಪ್ಪನ ಸ್ವಂತ ನೆಲ, ಯಾರೂ ಮರಳಿ ಕೇಳಲಾರದಂಥದ್ದು. ಅವಳು ನನ್ನ ಮುಖ ನೋಡಿ, “ನನಗ ದಾಂಡೇಲ್ಯಾಗ ನನ್ನ ನೆಲ ಐತಲ್ಲ, ಇದು ಯಾಕ ಬೇಕು?” ಎಂದಳು. ಸಹಿ ಮಾಡಿಸಲು ಅವಳನ್ನು ಸ್ಕೂಟರಿನ ಮೇಲೆ ಕೂಡಿಸಿಕೊಂಡು ಹೋದವನು ನಾನೇ.