ಅಕ್ಕ ಮಾಡದ ಹಬ್ಬ

ಪ್ರೀತಿಯ ಅಕ್ಕಾ,

ನನ್ನ ಅಕ್ಷರ ನೋಡಿ ನಗಬೇಡ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳ ಕೈ ಇದು. ಸೂಜಿ ಹಿಡಿದರೆ ನೆಟ್ಟಗೆ ಹೋಗುತ್ತದೆ, ಪೆನ್ನು ಹಿಡಿದರೆ ಗೆರೆ ಬಿಟ್ಟು ಇಳಿಜಾರಿಗೆ ಓಡುತ್ತದೆ. ಒತ್ತು ಎಲ್ಲಿ, ದೀರ್ಘ ಎಲ್ಲಿ ಎಂದು ಈಗಲೂ ಗೊಂದಲವೇ. ತಪ್ಪಿದ ಕಡೆ ನೀನೇ ತಿದ್ದಿಕೊಂಡು ಓದು. ನೀನು ಬದುಕಿದ್ದಾಗ ನಿನಗೊಂದು ಚೀಟಿ ಕೂಡ ಬರೆದವಳಲ್ಲ ನಾನು. ನೀನು ಹೋಗಿ ಒಂಬತ್ತು ತಿಂಗಳಾದ ಮೇಲೆ ಬರೆಯಲು ಕೂತಿದ್ದೇನೆ. ಬೇರೆ ಯಾರ ಹತ್ತಿರ ಹೇಳಲಿ? ಭಾವನ ಮುಂದೆ ನಿಂತರೆ ಇವತ್ತಿಗೂ ನನ್ನ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ.

ನಿನ್ನೆ ಕ್ರಿಸ್‌ಮಸ್ ಆಯಿತು. ನಿನ್ನ ಮನೆಯಲ್ಲಿ ಮೊದಲ ಸಲ ಹಬ್ಬ ಅನ್ನುವಂಥದ್ದು ನಡೆಯಿತು. ನಡೆಸಿದವಳು ನಾನೇ. ಆದರೆ ಅದನ್ನು ನಡೆಸಲು ಹೋಗಿ ನಿನ್ನನ್ನು ನಿನ್ನ ಮಕ್ಕಳಿಂದ ಕಿತ್ತುಕೊಂಡುಬಿಟ್ಟೆ.

ನೀನಿದ್ದಾಗ ಈ ಮನೆಯಲ್ಲಿ ಹಬ್ಬವಿರಲಿಲ್ಲ. ಆ ದಿನ ಆಸ್ಪತ್ರೆಯಲ್ಲಿ ಡ್ಯೂಟಿಗೆ ಯಾರೂ ಸಿಗುತ್ತಿರಲಿಲ್ಲ. ಎಲ್ಲ ನರ್ಸುಗಳಿಗೂ ರಜೆ ಬೇಕು, ಪ್ರತಿ ವರ್ಷ ಹೂಂ ಅನ್ನುವವಳು ನೀನೊಬ್ಬಳೇ. ಹೋದ ವರ್ಷ ನಾನು ಜಗಳ ತೆಗೆದಿದ್ದೆ. "ಊರವರನ್ನೆಲ್ಲ ನೋಡ್ಕೋತೀಯ, ನಿನ್ನ ಮಕ್ಕಳಿಗೆ ಒಂದು ನಕ್ಷತ್ರ ಕಟ್ಟೋಕೆ ಪುರುಸೊತ್ತಿಲ್ಲ ನಿಂಗೆ" ಅಂದಿದ್ದೆ. ನೀನು ಒಂದು ಪಿನ್ನು ಬಾಯಲ್ಲಿ ಕಚ್ಚಿಕೊಂಡು ಇನ್ನೊಂದನ್ನು ತುರುಬಿಗೆ ಚುಚ್ಚಿಕೊಳ್ಳುತ್ತಾ, "ಇವಕ್ಕೆ ಇನ್ನೂ ಏನು ತಿಳಿಯುತ್ತೆ ಕಣೇ. ಸ್ವಲ್ಪ ದೊಡ್ಡವಾಗ್ಲಿ. ಬರೋ ವರ್ಷದಿಂದ ಶುರು ಮಾಡೋಣ" ಅಂದೆ. ಬರೋ ವರ್ಷ ಬರುವ ಮೊದಲೇ ಮಾರ್ಚಿನಲ್ಲಿ ನಿನಗೆ ಜ್ವರ ಬಂತು. ನೀನು ಹಾಸಿಗೆ ಹಾಸುತ್ತಿದ್ದ ವಾರ್ಡಿನಲ್ಲೇ ನಿನಗೂ ಹಾಸಿಗೆ ಹಾಸಿದರು. ಮೂರು ವಾರ, ಅಷ್ಟೇ.

ನಾನು ನನ್ನ ಬಟ್ಟೆಗಂಟು ತಂದು ನಿನ್ನ ಅಡುಗೆಮನೆಯ ಪಕ್ಕದ ಚಿಕ್ಕ ಕೋಣೆಯಲ್ಲಿ ಇಟ್ಟೆ. ಬೆಳಿಗ್ಗೆ ನಿನ್ನ ಮಗಳು ಲಾಯರಮ್ಮನನ್ನು ಶಾಲೆಗೆ, ಮಗ ಉಂಡೆಯನ್ನು ಕೆಳಗಿನ ಮನೆಯ ಅಜ್ಜಿಯ ಹತ್ತಿರ ಬಿಟ್ಟು ಟೈಲರ್ ಅಂಗಡಿಗೆ ಹೋಗುತ್ತೇನೆ. ದಿನವಿಡೀ ಅಂಗಿಗಳಿಗೆ ಗುಂಡಿ ತೂರುವ ಕಾಜಾ ಹೊಲಿದು ಗುಂಡಿ ಹಾಕಿ ಬರುತ್ತೇನೆ. ನೀನಿಟ್ಟ ಹೆಸರುಗಳು ಹಾಗೇ ಇವೆ. ಆರು ವರ್ಷದವಳು ಈಗಲೂ ಎಲ್ಲದಕ್ಕೂ ವಾದ ಮಾಡುತ್ತಾಳೆ. ಮೂರು ವರ್ಷದವನು ಈಗಲೂ ಉರುಳಿಸಿದರೆ ಉರುಳುವ ಹಾಗಿದ್ದಾನೆ. ಭಾವ ಯಾವುದೋ ಕಟ್ಟಡದ ಲಿಫ್ಟ್ ರಿಪೇರಿ ಮುಗಿಸಿ ಬರುತ್ತಾರೆ, ಕೈಗೆ ಮೆತ್ತಿದ ಗ್ರೀಸನ್ನು ಸೀಮೆಎಣ್ಣೆ ಹಾಕಿ ಉಜ್ಜುತ್ತಾರೆ, ಉಣ್ಣುತ್ತಾರೆ, ಗೋಡೆ ನೋಡುತ್ತಾರೆ. ನಾವು ನಾಲ್ಕು ಜನ ಹೀಗೇ ದಿನ ದೂಡುತ್ತಿದ್ದೆವು.

ಡಿಸೆಂಬರ್ ಮೊದಲ ವಾರ ಲಾಯರಮ್ಮ ಶಾಲೆಯಿಂದ ಬಂದವಳೇ ಚೀಲ ಎಸೆದು ನನ್ನ ಪಕ್ಕ ಕೂತಳು. ಕ್ರಿಸ್‌ಮಸ್‌ಗೆ ಮನೆಯಲ್ಲಿ ಏನೇನು ಮಾಡುತ್ತೀರಿ ಎಂದು ಪ್ರತಿಯೊಬ್ಬರೂ ತರಗತಿಯ ಮುಂದೆ ನಿಂತು ಹೇಳಬೇಕಂತೆ. "ನಾವು ಅಮ್ಮನ ಶೂ ಬಿಚ್ತೀವಿ ಅಂತ ಹೇಳ್ಲಾ ಚಿಕ್ಕಮ್ಮಾ?" ಎಂದು ಕೇಳಿದಳು.

ಅವಳು ಯಾವುದನ್ನು ಹೇಳುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಹೋದ ವರ್ಷ ಕ್ರಿಸ್‌ಮಸ್ ದಿನ ನಾನೇ ಕಣ್ಣಾರೆ ನೋಡಿದ್ದೆ. ನೀನು ಡ್ಯೂಟಿ ಮುಗಿಸಿ ಮಧ್ಯಾಹ್ನ ಮೂರೂವರೆಗೆ ಬಂದು ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಸಿದು ಕೂತೆ. ಎಡಗಾಲಿನ ಬಿಳಿ ಶೂ ಅವಳದ್ದು, ಬಲಗಾಲಿನದು ಉಂಡೆಯದ್ದು. ಇವನಿಗೆ ಗಂಟು ಬಿಚ್ಚಲು ಬಾರದೆ ಶೂ ಸಮೇತ ನಿನ್ನನ್ನೇ ಎಳೆಯುತ್ತಿದ್ದ. ಆಮೇಲೆ ನೀನು ಕಾಲ್ಬೆರಳುಗಳನ್ನು ಒಂದೊಂದಾಗಿ ಅಲ್ಲಾಡಿಸಿ ಹೇಳಿದೆ. "ಇದು ಏಳನೇ ಬೆಡ್ಡಿನ ತಾತ, ಇವತ್ತು ಕೇಕ್ ತಿಂದ್ರು. ಇದು ಹನ್ನೊಂದನೇ ಬೆಡ್ಡು, ಇವಳಿಗೆ ಹೊಲಿಗೆ ಬಿಚ್ಚಿದ್ವಿ, ಒಂಚೂರೂ ಅಳ್ಲಿಲ್ಲ. ಈ ಕಿರುಬೆರಳು ಇದೆಯಲ್ಲ, ಇದು ನಿನ್ನೆ ಹುಟ್ಟಿದ್ದು, ಇನ್ನೂ ಹೆಸರಿಟ್ಟಿಲ್ಲ." ಮಕ್ಕಳು ಬಿದ್ದು ಬಿದ್ದು ನಕ್ಕವು. ಹತ್ತನೇ ಬೆರಳು ಮುಗಿಯುವುದರೊಳಗೆ ನೀನು ಗೋಡೆಗೆ ಒರಗಿ ನಿದ್ದೆ ಹೋಗಿದ್ದೆ. ಅದು ಪ್ರತಿ ವರ್ಷ ನಡೆಯುತ್ತಿತ್ತೆಂದು ನನಗೆ ತಿಳಿದದ್ದು ಲಾಯರಮ್ಮ ಹೇಳಿದಾಗಲೇ.

ಆದರೆ ಆ ಗಳಿಗೆಯಲ್ಲಿ ನನ್ನ ಕಣ್ಮುಂದೆ ಬಂದದ್ದು ಬೇರೆ. ಅವಳು ಅಷ್ಟು ಮಕ್ಕಳ ಮುಂದೆ ನಿಂತು ಶೂ ಬಿಚ್ಚುವ ಕತೆ ಹೇಳುತ್ತಾಳೆ, ಎಲ್ಲರೂ ನಗುತ್ತಾರೆ, ಟೀಚರು ಅಯ್ಯೋ ಪಾಪ ಅನ್ನುತ್ತಾರೆ. ಚಿಕ್ಕವಳಿದ್ದಾಗ ನಾನೂ ಒಮ್ಮೆ ತರಗತಿಯ ಮುಂದೆ ಹಾಗೆ ಹೇಳಲು ಏನೂ ಇಲ್ಲದೆ ನಿಂತಿದ್ದೆ. ಮಾರನೇ ದಿನ ಹೊಟ್ಟೆನೋವೆಂದು ಶಾಲೆಗೆ ಹೋಗಲಿಲ್ಲ. "ಅದನ್ನೆಲ್ಲ ಹೇಳ್ತಾರಾ? ಅದು ಹಬ್ಬದ್ದಲ್ಲ" ಅಂದುಬಿಟ್ಟೆ.

"ಹಾಗಾದ್ರೆ ಹಬ್ಬದ್ದು ಯಾವುದು? ಅಮ್ಮ ಏನ್ ಮಾಡ್ತಿದ್ದಳು?"

ಎಲ್ಲರ ಮುಂದೆ ಒಂದು ಮಾತಾಡಲು ಬೆವರುವ ನನಗೆ ಆವತ್ತು ಎಲ್ಲಿಂದ ಮಾತು ಬಂತೋ. ನಿಮ್ಮಮ್ಮ ಪ್ರತಿ ವರ್ಷ ಚೂರು ಬಟ್ಟೆಗಳನ್ನು ಕೂಡಿಸಿ ಒಂದು ನಕ್ಷತ್ರ ಹೊಲಿಯುತ್ತಿದ್ದಳು, ಮನೆಯಲ್ಲಿ ಎಷ್ಟು ಜನರೋ ಅಷ್ಟು ಗುಂಡಿ ಅದಕ್ಕೆ ಹಾಕುತ್ತಿದ್ದಳು ಅಂದೆ. ಲಾಯರಮ್ಮ ಬಾಯಿ ತೆರೆದು ಕೇಳಿದಳು. "ನಂಗ್ಯಾಕೆ ನೆನಪಿಲ್ಲ?" ಅಂದಳು. "ನೀನು ಚಿಕ್ಕವಳು, ಮರ್ತಿದೀಯ" ಅಂದೆ. ಅಕ್ಕಾ, ಆರು ವರ್ಷದ ಮಗುವಿಗೆ, ಅದರ ತಲೆಯಲ್ಲಿದ್ದದ್ದೇ ತಪ್ಪು, ನಾನು ಹೇಳಿದ್ದೇ ಸರಿ ಎಂದು ಕಲಿಸಿದೆ.

ಮಾರನೇ ದಿನ ಶಾಲೆಯಲ್ಲಿ ಚಪ್ಪಾಳೆ ಬಿತ್ತಂತೆ. ಬಂದವಳೇ "ಇನ್ನೂ ಏನ್ ಮಾಡ್ತಿದ್ದಳು?" ಅಂತ ನನ್ನ ಸೆರಗು ಹಿಡಿದಳು. ಒಂದು ಸುಳ್ಳಿನ ಹಿಂದೆ ಇನ್ನೊಂದು ಬಂದೇ ಬರುತ್ತದಲ್ಲ. ನಿಮ್ಮಮ್ಮ ಊಟಕ್ಕೆ ಮುಂಚೆ ಬ್ರೆಡ್ಡಿನ ಒಂದು ತುಂಡು ಮುರಿದು, ಆ ದಿನವೂ ಕೆಲಸ ಮಾಡುತ್ತಿರುವವರಿಗೆಂದು ತಟ್ಟೆಯ ಅಂಚಿಗೆ ಇಡುತ್ತಿದ್ದಳು ಅಂದೆ. ಮಬ್ಬಾದ ಮೇಲೆ ಮೇಣದಬತ್ತಿ ಹಿಡಿದು ಪ್ರತಿ ಕೋಣೆಗೂ ಹೋಗಿ ಅದರ ಹೆಸರು ಹೇಳಿ ಶುಭಾಶಯ ಹೇಳುತ್ತಿದ್ದಳು ಅಂದೆ. ಉಂಡೆ ಮಾರನೇ ದಿನದಿಂದಲೇ ಬಚ್ಚಲಿಗೆ ಶುಭಾಶಯ ಹೇಳಲು ಶುರು ಮಾಡಿದ. ಅಂಗಡಿಯಲ್ಲಿ ನಾನು ಚೂರು ಬಟ್ಟೆ ಆರಿಸುವುದನ್ನು ನೋಡಿ ಟೈಲರ್ ಮಾಸ್ಟರು, "ಏನಮ್ಮಾ, ನಿನ್ನ ನಕ್ಷತ್ರಕ್ಕೆ ನನ್ನ ಗಿರಾಕಿ ಅಂಗಿಯಿಂದ ಗುಂಡಿ ಕೀಳ್ಬೇಡ, ಅವರು ಎದೆ ಬಿಟ್ಕೊಂಡು ಹಬ್ಬಕ್ಕೆ ಹೋಗ್ಬೇಕಾದೀತು" ಅಂದರು. ಎಷ್ಟೋ ತಿಂಗಳ ಮೇಲೆ ನಾನು ನಕ್ಕೆ. ಒಳ್ಳೆಯದೇ ಮಾಡುತ್ತಿದ್ದೇನೆ ಅನ್ನಿಸಿತ್ತು.

ಭಾವನಿಗೆ ಗೊತ್ತಾಗದೆ ಇರುತ್ತದೆಯೇ? ಒಂದು ಸಂಜೆ ಕೈ ಉಜ್ಜಿಕೊಳ್ಳುತ್ತಾ, ನನ್ನ ಕಡೆ ನೋಡದೆ, "ಅವಳು ಇದನ್ನೆಲ್ಲ ಯಾವಾಗ ಮಾಡಿದ್ಲು?" ಅಂದರು. ನಾನು ಚೂರು ಬಟ್ಟೆಗಳನ್ನು ಗಂಟು ಕಟ್ಟತೊಡಗಿದೆ. ಕೈ ಒರೆಸಿಕೊಂಡು, "ಹೋಗ್ಲಿ ಬಿಡು. ಮಕ್ಕಳು ನಗ್ತಿದಾವಲ್ಲ" ಅಂದರು. ಆವತ್ತು ಅವರು ಬೈದಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆನೇನೋ.

ನಿನ್ನೆ ಸಂಜೆ ಎಲ್ಲವನ್ನೂ ಮಾಡಿದೆವು. ನಕ್ಷತ್ರಕ್ಕೆ ಐದು ಗುಂಡಿ, ನಿನ್ನದೂ ಸೇರಿ. ಕಟ್ಟುವಾಗ ಲಾಯರಮ್ಮ ತಮ್ಮನಿಗೆ ಪಾಠ ಹೇಳುತ್ತಿದ್ದಳು. "ನೀನು ಆಗ ಪಾಪು, ನಿಂಗೆ ಗೊತ್ತಿಲ್ಲ. ಅಮ್ಮ ನನ್ನ ಎತ್ಕೊಂಡು ಕಟ್ಟಿಸ್ತಿದ್ದಳು. ಅಮ್ಮನ ಬೆರಳಲ್ಲಿ ತಗಡಿನ ಟೋಪಿ ಇತ್ತು. ನನ್ನ ಕೆನ್ನೆಗೆ ತಣ್ಣಗೆ ತಾಗ್ತಿತ್ತು."

ಮೊಳೆ ಹೊಡೆಯುತ್ತಿದ್ದವಳು ಸುತ್ತಿಗೆ ಕೆಳಗಿಟ್ಟೆ. ನೀನು ಜನ್ಮದಲ್ಲಿ ಒಂದು ಗುಂಡಿ ನೆಟ್ಟಗೆ ಹಾಕಿದವಳಲ್ಲ, ಯೂನಿಫಾರ್ಮಿಗೆ ಸೇಫ್ಟಿ ಪಿನ್ ಚುಚ್ಚಿಕೊಂಡು ಓಡುತ್ತಿದ್ದವಳು. ಸೂಜಿ ಚುಚ್ಚದಂತೆ ಬೆರಳಿಗೆ ಆ ಟೋಪಿ ಹಾಕುವವಳು ನಾನು. ಅವಳು ನನ್ನ ಕೈಯನ್ನು ತೆಗೆದು ನಿನಗೆ ಅಂಟಿಸಿದ್ದಳು. "ಅಲ್ವಾ ಅಪ್ಪಾ?" ಎಂದು ಕೇಳಿದಳು. ಭಾವ "ಹೂಂ" ಅಂದರು. ಆಮೇಲೆ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ಊಟಕ್ಕೆ ಮೂರು ಸಲ ಕರೆದ ಮೇಲೆ ಬಂದರು.

ತಡೆಯಲಾಗಲಿಲ್ಲ. ತಟ್ಟೆ ಹಾಕುವ ಮೊದಲೇ ಲಾಯರಮ್ಮನನ್ನು ಒಳಗೆ ಕರೆದುಕೊಂಡು ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ನಕ್ಷತ್ರ ನನ್ನದು, ಬ್ರೆಡ್ಡು ನನ್ನದು, ಮೇಣದಬತ್ತಿ ನನ್ನದು. ನಿಮ್ಮಮ್ಮ ಡ್ಯೂಟಿಗೆ ಹೋಗುತ್ತಿದ್ದಳು, ಸುಸ್ತಾಗಿ ಬರುತ್ತಿದ್ದಳು, ನೀವು ಅವಳ ಶೂ ಬಿಚ್ಚುತ್ತಿದ್ದಿರಿ, ನೀನೇ ಹೇಳಿದ್ದೆಯಲ್ಲ. ಏಳನೇ ಬೆಡ್ಡಿನ ತಾತನ ಬೆರಳು ಯಾವುದು ಹೇಳು, ಹೇಳು ಎಂದು ಅವಳ ತೋಳು ಹಿಡಿದು ಕೇಳಿದೆ.

ಅವಳು ನನ್ನನ್ನು ಅಪರಿಚಿತರನ್ನು ನೋಡುವ ಹಾಗೆ ನೋಡಿದಳು. "ಸುಳ್ಳು. ಅಮ್ಮ ಹಬ್ಬದ ದಿನ ಡ್ಯೂಟಿಗೆ ಹೋಗ್ತಾನೇ ಇರ್ಲಿಲ್ಲ. ಮನೇಲೇ ಇರ್ತಿದ್ದಳು. ನಂಗೆ ನೆನಪಿದೆ, ನಿಂಗೇ ಇಲ್ಲ" ಅಂದಳು. ತೋಳು ಬಿಡಿಸಿಕೊಂಡು ಹೋದಳು. ಅವಳ ಜೊತೆ ವಾದದಲ್ಲಿ ಗೆದ್ದವರು ಯಾರಿದ್ದಾರೆ?

ಅಷ್ಟೇ ಅಕ್ಕಾ. ಆ ಶೂ, ಆ ಬೆರಳುಗಳು, ಗೋಡೆಗೆ ಒರಗಿದ ನಿನ್ನ ತಲೆ, ಎಲ್ಲ ಅವಳಿಂದ ಹೋಯಿತು. ಉಂಡೆಗೆ ಮೊದಲೇ ಏನೂ ಇರಲಿಲ್ಲ, ಭಾವ ಕೆಲಸಕ್ಕೆ ಹೋಗಿ ಆ ಹೊತ್ತಿಗೆ ಮನೆಯಲ್ಲೇ ಇರುತ್ತಿರಲಿಲ್ಲ. ಈ ಲೋಕದಲ್ಲಿ ಈಗ ಅದು ನನ್ನೊಬ್ಬಳ ಹತ್ತಿರ ಉಳಿದಿದೆ, ಅದೂ ಒಂದೇ ವರ್ಷದ್ದು, ಬಾಗಿಲ ಹತ್ತಿರ ನಿಂತು ನೋಡಿದ್ದು. ನಿನ್ನನ್ನು ಒಮ್ಮೆ ಮಣ್ಣು ಮುಚ್ಚಿತು. ಎರಡನೇ ಸಲ ಚೂರು ಬಟ್ಟೆ ಮುಚ್ಚಿತು. ಬರೋ ವರ್ಷವೂ ಮಕ್ಕಳು ಇದನ್ನೇ ಕೇಳುತ್ತವೆ. ದೊಡ್ಡವರಾಗಿ ತಮ್ಮ ಮಕ್ಕಳಿಗೂ ನಮ್ಮಮ್ಮ ಹೀಗೆ ಮಾಡುತ್ತಿದ್ದಳು ಎಂದು ಇದನ್ನೇ ಹೇಳುತ್ತಾರೆ. ನಿಲ್ಲಿಸುವುದು ಹೇಗೆಂದು ನನಗೆ ತಿಳಿಯದು. ಕಾಜಾದ ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಆದರೆ ಬಟ್ಟೆ ಆಗಲೇ ಸೀಳಿರುತ್ತದೆ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಕೇಳಿದರೆ ನೀನು "ಹೋಗೇ ಹುಚ್ಚಿ" ಅಂದುಬಿಡುತ್ತೀಯ, ಅದು ಇನ್ನೂ ಕಷ್ಟ.

ಇವತ್ತು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟಿದ್ದೆ. ಉಂಡೆ ಎಲ್ಲರಿಗಿಂತ ಮೊದಲು ಎದ್ದು ಹಾಸಿಗೆಯಿಂದಲೇ "ಅಮ್ಮಾ" ಎಂದು ಕರೆದ. ನಿದ್ದೆಗಣ್ಣಿನಲ್ಲಲ್ಲ, ನಾನು ಅಡುಗೆಮನೆಯಲ್ಲಿರುವುದು ಅವನಿಗೆ ಕಾಣುತ್ತಿತ್ತು, ನನ್ನನ್ನೇ ನೋಡಿ ಕರೆದ. ನಾನು ಓಗೊಡಲಿಲ್ಲ. ಮತ್ತೆ ಕರೆದ. ಬೆನ್ನು ತಿರುಗಿಸಿ ಹಾಲನ್ನೇ ನೋಡುತ್ತಾ ನಿಂತೆ. ಮೂರನೇ ಸಲ ಅಳುವ ದನಿಯಲ್ಲಿ ಕರೆದ, ಆಗಲೂ ನಿಂತೆ. ಸುಮಾರು ಹೊತ್ತಾದ ಮೇಲೆ ಮೆಲ್ಲಗೆ "ಚಿಕ್ಕಮ್ಮಾ" ಅಂದ. ಒಲೆ ಆರಿಸಿ ಹೋಗಿ ಅವನನ್ನು ಎತ್ತಿಕೊಂಡೆ.

ಇಷ್ಟಕ್ಕೆ ನಿಲ್ಲಿಸುತ್ತೇನೆ ಅಕ್ಕಾ. ಯಾವ ಡ್ಯೂಟಿಯ ಗಂಟೆಯೂ ಎಬ್ಬಿಸದಂಥ ನಿದ್ದೆ ನಿನಗಿರಲಿ.

ನಿನ್ನ ಜಾಗದಲ್ಲಿ ಕೂರಲು ಬಾರದ
ನಿನ್ನ ತಂಗಿ