ಮಡಚಿದ ಟೇಪಿನ ತುದಿ

ಅಣ್ಣನಿಗೆ,

ಕೈಗೆ ಇನ್ನೂ ಗ್ರೀಸು ಮೆತ್ತಿದೆ, ಅಕ್ಷರ ನೋಡಿ ಬೈಯಬೇಡ.

ನೀನು ಮಿಲಿಟರಿ ಹರಾಜಿನಲ್ಲಿ ಹಿಡಿದು ನಮಗೆ ಕೊಟ್ಟ ಲಾರಿಯನ್ನು ಇವತ್ತು ಬಿಚ್ಚಿ ನೋಡಿದೆ. ಓಡುವಾಗಲೇ ಟೈರಿಗೆ ಗಾಳಿ ತುಂಬುವ ವ್ಯವಸ್ಥೆ ಅದರದ್ದು. ಹಿಂದಿನ ಎಡಚಕ್ರಕ್ಕೆ ಹೋಗುವ ಗಾಳಿ ಪೈಪು ಸೀಳಿತ್ತು. ಹಳೇ ಮಾಲು, ಸೀಳುತ್ತದೆ ಬಿಡು. ಆದರೆ ಗಾಳಿ ಇಳಿದಾಗ ಸ್ಟೇರಿಂಗ್ ಪಕ್ಕದ ಕೆಂಪು ದೀಪ ಹತ್ತಬೇಕಿತ್ತು. ಹತ್ತಿದ್ದರೆ ಇವರು ಇಳಿಜಾರಿಗೆ ಮೊದಲೇ ನಿಲ್ಲಿಸುತ್ತಿದ್ದರು, ಲಾರಿ ಮಗುಚಿಕೊಳ್ಳುತ್ತಿರಲಿಲ್ಲ.

ಬಲ್ಬು ಸರಿಯಿದೆ, ಫ್ಯೂಸು ಸರಿಯಿದೆ. ಡ್ಯಾಶ್‌ಬೋರ್ಡ್ ಹಿಂದೆ ಕೈ ಹಾಕಿದರೆ, ದೀಪದ ವೈರನ್ನು ಯಾರೋ ಕತ್ತರಿಸಿ ಟೇಪು ಸುತ್ತಿದ್ದರು. ಟೇಪಿನ ತುದಿ ಮಡಚಿತ್ತು. ಮುಂದೆ ಬಿಚ್ಚುವವರ ಉಗುರು ಸವೆಯಬಾರದು ಅಂತ ಹಾಗೆ ಮಡಚಲು ನನಗೆ ಕಲಿಸಿದ್ದು ನೀನೇ. ಬೇರೆ ಯಾರೂ ಮಡಚಿದ್ದನ್ನು ನಾನು ಕಂಡಿಲ್ಲ.

ಆಸ್ಪತ್ರೆಯಲ್ಲಿ ನನ್ನ ಗಂಡನ ಮುರಿದ ಕಾಲಿನ ಹತ್ತಿರ ಕೂತು, ಮೂರು ದಿನ ಲಾರಿ ಹರಾಜಿಗಿಟ್ಟವರಿಗೆ ಹಿಡಿಶಾಪ ಹಾಕಿದೆಯಲ್ಲೋ! ದೀಪ ಸುಮ್ಮಸುಮ್ಮನೆ ಮಿನುಗಿ ತಲೆ ತಿನ್ನುತ್ತದೆ ಅಂತ ವೈರು ಕತ್ತರಿಸಿದೆಯಾ? ನಮಗೆ ಒಂದು ಮಾತು ಹೇಳಬಾರದಿತ್ತಾ?

"ನಿಮ್ಮಣ್ಣಂಗೆ ಹೇಳಿ ಕಳ್ಸು, ಎಲ್ಲಿ ಕೆಟ್ಟಿದೆ ಅಂತ ಅವರೇ ಹಿಡೀತಾರೆ" ಅಂತ ಇವರು ಬೆಳಿಗ್ಗೆಯೂ ಮಂಚದ ಮೇಲಿಂದ ಅಂದರು. ಟೇಪಿನ ವಿಷಯ ನಾನಿನ್ನೂ ಇವರಿಗೆ ಹೇಳಿಲ್ಲ.

ಬರುವಾಗ ಆ ಪೈಪು ಒಂದು ಮೀಟರ್ ತಾ. ವೈರು ಜೋಡಿಸಿದ್ದೇನೆ, ಕೆಂಪು ದೀಪ ಉರಿಯುತ್ತಿದೆ, ಆರಿಸುವುದಿಲ್ಲ. ಬ್ಯಾಟರಿ ಇಳಿಯುವುದರೊಳಗೆ ಬಂದು ಇವರಿಗೆ ನೀನೇ ಹೇಳು.

ನಿನ್ನ ಕೈಕೆಳಗೆ ಕೆಲಸ ಕಲಿತ
ತಂಗಿ