ಮಷಿನ್ ಕೆಳಗಿಟ್ಟದ್ದು

೪ ಜುಲೈ ೧೯೯೪

ಬೆಳಿಗ್ಗೆ ಕಟ್ಟಿಗೆ ವಖಾರದಲ್ಲಿ ಮರ ಕೊಯ್ಯುವ ಮಷಿನಿನ ಚೈನಿನ ಹಲ್ಲು ಅರದಿಂದ ತೀಡಿದೆ. ಪೆಟ್ರೋಲಿಗೆ ಆಯಿಲ್ ಬೆರೆಸಿದೆ. ಅಷ್ಟಕ್ಕೇ ದಣಿವು. ಸದಲಗಾ ಹಾದಿಯಲ್ಲಿ ಎರಡು ಬೇವು ಕೆಡವಿದೆವು. ನಾನು ಕೊಯ್ದೆ, ಸತ್ತೆಪ್ಪ ಹಗ್ಗ ಹಿಡಿದ. ನನ್ನ ಹೆಂಡತಿ ಸುಂದ್ರವ್ವನ ತಮ್ಮನಾದರೂ ಅಕ್ಕನ ತಾಳ್ಮೆ ಅವನಿಗೆ ಒಂದಿಷ್ಟೂ ಬಂದಿಲ್ಲ.

ಮಳೆಯ ತಂಪಿಗೆ ಮತ್ತೆ ಬೆರಳು ಬೆಳ್ಳಗಾದವು. ಚಿವುಟಿಕೊಂಡರೂ ಗೊತ್ತಾಗುವುದಿಲ್ಲ. ಅಂಗಿಯ ಗುಂಡಿ ಸುಂದ್ರವ್ವನೇ ಹಾಕಿದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಗಂಡನಿಗೆ ಗುಂಡಿ ಹಾಕುವ ಕೆಲಸ...

೭ ಜುಲೈ

ನಿಪ್ಪಾಣಿಯಲ್ಲಿ ಡಾಕ್ಟರಿಗೆ ತೋರಿಸಿದೆ. ಸೂಜಿ ಚುಚ್ಚಿ ನೋಡಿದರು.

"ಎಷ್ಟ ವರ್ಷ ಆತು ಮಷಿನ್ ಹಿಡದು?"

"ಒಂಬತ್ತ ಆತ್ರಿ."

"ಅದರ ನಡುಕಕ್ಕ ನರ ಸತ್ತಾವು. ಇನ್ನ ಹಿಡೀಬ್ಯಾಡ."

ಗುಳಿಗೆ ಬರೆದುಕೊಟ್ಟರು. ವಖಾರದ ಮಾಲಕ ಬಾಬಾಸಾಹೇಬರಿಗೆ ಹೇಳಲಿಲ್ಲ. ಮನೆಯಲ್ಲೂ ಇಲ್ಲ. ಊರೆಲ್ಲ ನನ್ನನ್ನು ಮಷಿನ್ ಮಾಯಪ್ಪ ಅನ್ನುತ್ತದೆ. ಮಷಿನ್ ಹೋದ ಮೇಲೆ ಬರೀ ಮಾಯಪ್ಪ—ಅವನಿಗೆ ಯಾರು ಕೆಲಸ ಕೊಡುತ್ತಾರೆ?

೧೦ ಜುಲೈ, ರವಿವಾರ

ವಖಾರದ ಹಿಂದೆ ಜಾಲಿ ದಿಮ್ಮಿಯ ಮೇಲೆ ಸತ್ತೆಪ್ಪನಿಗೆ ಕಲಿಸಲು ಶುರು ಮಾಡಿದೆ. ಲುಂಗಿಯಲ್ಲಿ ಬಂದ, ಹೆಗಲ ಮೇಲೆ ಟಾವೆಲ್. ಪ್ಯಾಂಟು, ಬೂಟು ಹಾಕಿಕೊಂಡು ಬಾ ಎಂದು ಮನೆಗೆ ಕಳಿಸಿದೆ.

"ಮಾವ, ಮದವಿಗೆ ಹೊಂಟೀವೇನು?"

ನಗಲಿಲ್ಲ ನಾನು. "ಮಷಿನ್ ನೆಲದ ಮ್ಯಾಲ ಇಡು. ಹಿಡಿಕಿ ಒಳಗ ಬೂಟು ಒತ್ತು. ಆಮ್ಯಾಲ ಶುರು ಮಾಡೂ ದಾರ ಜಗ್ಗು. ಎಡಗೈ ಹೆಬ್ಬೆಟ್ಟು ಹಿಡಿಕಿ ಸುತ್ತ ಇರಬೇಕು. ಚೈನ್ ಓಡೂ ಪಟ್ಟಿ ತುದಿಲೆ ಕೊಯ್ಯಬ್ಯಾಡ, ಮಷಿನ್ ಪುಟದು ಮಾರಿಗೆ ಬರ್ತೈತಿ. ಹೆಗಲಿನ ಮ್ಯಾಲ ಎತ್ತಬ್ಯಾಡ."

"ಎಷ್ಟ ಬ್ಯಾಡ ಅದಾವ ಮಾವ ನಿನ್ನ ಮಷಿನಿನ್ಯಾಗ!" ಸ್ವಲ್ಪ ಹೊತ್ತಿಗೆ ಕೇಳಿದ, "ಈಗ್ಯಾಕ ಕಲಸಾಕತ್ತಿ ನನಗ?"

"ಕಲಿ ಸುಮ್ನ."

ಸಂಜೆವರೆಗೆ ಕೊಯ್ದ. ಗಡಿಬಿಡಿ ಜಾಸ್ತಿ. ಕೈ ಮಾತ್ರ ಗಟ್ಟಿ.

೧೯ ಜುಲೈ

ಬೆಳಗಿನ ಗಾಳಿಗೆ ಕೊಗನೊಳ್ಳಿ ಹತ್ತಿರ ಹೈವೇ ಮೇಲೆ ಹುಣಸೆಮರ ಅಡ್ಡ ಬಿದ್ದಿತ್ತು. ಎರಡೂ ಕಡೆ ಲಾರಿ, ಬಸ್ಸು, ಹಾರ್ನು. ಮಾಲಕರು ಜೀಪಿನಿಂದ ಇಳಿಯುತ್ತಲೇ, "ಲಗೂ ಮಾಯಪ್ಪ, ಲಗೂ!"

ದಪ್ಪ ಕೊಂಬೆಯೊಂದು ಬೊಡ್ಡೆಯಡಿ ಸಿಕ್ಕು ಬಿಲ್ಲಿನಂತೆ ಬಾಗಿತ್ತು. ಅದನ್ನು ಕೊಯ್ಯದೆ ಬೊಡ್ಡೆ ಸರಿಯದು. ಕೊಯ್ದರೆ ಹೊರಗಡೆ ಸಿಡಿಯುತ್ತದೆ. ಮಷಿನ್ ಶುರು ಮಾಡಿದೆ. ಕೈಯಲ್ಲಿದೆ ಎಂದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಟ್ರಿಗರ್ ಬಿಟ್ಟೆ ಅಂದುಕೊಂಡೆ—ಚೈನ್ ತಿರುಗುತ್ತಲೇ ಇತ್ತು. ಕೊಂಬೆ ಸರಿಸಲು ಬಗ್ಗಿದ್ದ ಸತ್ತೆಪ್ಪ ಅಲ್ಲೇ, ಪಟ್ಟಿಯ ಹತ್ತಿರ.

ಬಂದ್ ಮಾಡಿ ಕೆಳಗಿಟ್ಟೆ.

"ನನ್ನ ಕಡಿಂದ ಆಗೂದಿಲ್ರಿ ಮಾಲಕ್ರ. ಬೆರಳು ಸತ್ತಾವು. ಸತ್ತೆಪ್ಪ ಕೊಯ್ತಾನ್ರಿ."

"ಇದನ್ನ ಹೇಳಾಕ ಈ ಹೊತ್ತ ಸಿಕ್ತೇನೋ ನಿನಗ?"

ಇಷ್ಟು ಮಂದಿಯೆದುರು. ತಲೆ ತಗ್ಗಿಸಿ ನಿಂತೆ. ಸತ್ತೆಪ್ಪ ನನ್ನ ಕೈ ನೋಡಿದ, ಮಷಿನ್ ಎತ್ತಿಕೊಂಡ. ಹೋಗಿ ಕೊಂಬೆಯ ಹೊರಮಗ್ಗುಲಿಗೆ ನಿಂತ—ಅಲ್ಲಿ ನಿಲ್ಲುವುದು ಸುಲಭ.

"ಅಲ್ಲಿ ಬ್ಯಾಡಲೇ! ಬಾಗಿದ್ದರ ಒಳಗ ಬಂದು ನಿಂದರು!"

"ಎಷ್ಟ ನಾಜೂಕು ಮಾಡ್ತೀರೋ," ಅಂದರು ಮಾಲಕರು. ನಾನು ಮಂದಿಯನ್ನು ಹಿಂದೆ ಸರಿಸಿದೆ. ಸತ್ತೆಪ್ಪ ಒಳಗೆ ಬಂದ. ಮೊದಲು ಕೊಂಬೆಯ ಒಳಮೈಗೆ ಒಂದು ಸಣ್ಣ ಕೊಯ್ತ, ಆಮೇಲೆ ಹೊರಮೈಯನ್ನು ಸ್ವಲ್ಪ ಸ್ವಲ್ಪವೇ. ಬಂದೂಕು ಹಾರಿದಂತೆ ಸದ್ದಾಗಿ ಕೊಂಬೆ ಹೊರಗಡೆ ಸಿಡಿಯಿತು. ಅವನು ಮೊದಲು ನಿಂತಿದ್ದ ಜಾಗದಲ್ಲಿ ಡಾಂಬರು ಕಿತ್ತು ಹೋಗಿತ್ತು.

ಹಾರ್ನು ನಿಂತವು. ಸತ್ತೆಪ್ಪನ ಮುಖ ಸುಣ್ಣದಂತಾಗಿತ್ತು. ನೀರು ಕುಡಿದ. ಮತ್ತೆ ದಾರ ಜಗ್ಗಿದ.

೨೨ ಜುಲೈ

ಮಾಲಕರು ನನ್ನನ್ನು ವಖಾರದಲ್ಲೇ ಕೂರಿಸಿದ್ದಾರೆ. ಹೊಟ್ಟು ಗುಡಿಸು, ಗಿರಾಕಿ ಬಂದರೆ ಕೂಗು—ಇಷ್ಟೇ ಕೆಲಸ. ಸುಂದ್ರವ್ವನಿಗೆ ಎಲ್ಲ ಗೊತ್ತಾಗಿದೆ. ಕೆಲಸ ಹೋದದ್ದಕ್ಕಲ್ಲ, ಡಾಕ್ಟರ್ ಮಾತು ಮುಚ್ಚಿಟ್ಟದ್ದಕ್ಕೆ ಸಿಟ್ಟು.

"ಅವ ನನ್ನ ತಮ್ಮ ಅದಾನ. ಆವತ್ತ ಏನರ ಆಗಿದ್ರ?"

ರೊಟ್ಟಿ ಮುರಿದುಕೊಂಡು ಉಂಡೆ.

೯ ಆಗಸ್ಟ್

ಎರಡು ವಾರಕ್ಕೂ ಮೇಲೆ ಬರೆಯಲು ಮನಸ್ಸಾಗಲಿಲ್ಲ. ವಖಾರದಲ್ಲಿ ಕೂತು ಕೂತೇ ದಣಿಯುತ್ತೇನೆ. ಮಷಿನ್ ಹೊರಗೆ ಹೋದ ದಿನ ಕಿವಿ ಬಾಗಿಲ ಕಡೆಗೇ.

ಸತ್ತೆಪ್ಪ ಇಂದು ರಾಯಬಾಗ ಕಡೆ ಹೋಗಿದ್ದ. ಬಾವಿಯ ದಂಡೆಯ ಮರ, ಪಕ್ಕದಲ್ಲೇ ಮನೆ. ದೀಪ ಹಚ್ಚುವ ಹೊತ್ತಿಗೆ ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕುಸಿದ.

"ಹಗ್ಗ ಬ್ಯಾಡ, ಹಂಗ ಕೆಡವು ಅಂದ್ರು ಮಾಲಕ್ರು."

"ನೀ ಏನ್ ಮಾಡ್ದಿ?"

"ಮಷಿನ್ ಬಂದ್ ಮಾಡಿ ಕುಂತೆ."

"ಬೈದ್ರು?"

"ಭಾಳ. ನಿನ್ನೂ ಸೇರಿಸಿ ಬೈದ್ರು." ಸ್ವಲ್ಪ ನಕ್ಕ. "ಕಡೀಕ ಹಗ್ಗ ತರಿಸಿದ್ರು."

ಬೂಟು ಬಿಚ್ಚದೆ ಅಲ್ಲೇ ಮಲಗಿಬಿಟ್ಟಿದ್ದಾನೆ. ತಲೆತುಂಬ ಕಟ್ಟಿಗೆ ಹೊಟ್ಟು. ಬರೋಬರಿ ಮಾಡ್ದಿ ಅಂತ ಒಂದು ಮಾತು ಹೇಳಬೇಕೆಂದು ಎರಡು ಸಲ ಹತ್ತಿರ ಹೋದೆ. ರೊಟ್ಟಿ ಆರುತ್ತಿವೆ, ಎಬ್ಬಿಸು ಅಂತಾಳೆ ಸುಂದ್ರವ್ವ. ಇನ್ನೊಂದು ಸ್ವಲ್ಪ ಮಲಗಲಿ. ಆಮೇಲೆ ಹೇಳುತ್ತೇನೆ.